ಓದುಗರ ಪ್ರಶ್ನೆ: ವಿನ್ಯಾಸದ ಪರದೆಯಲ್ಲಿ ಕಾಣದ ಕಾರ್ಡ್

ಪ್ರಶ್ನೆ: ನಮ್ಮೂರಿನ ಗ್ರಂಥಾಲಯದ ಜಾಲತಾಣವನ್ನು, ಭಾಗಗಳನ್ನು ಎಳೆದು ತಂದು ಜೋಡಿಸುವ ತಂತ್ರಾಂಶವೊಂದರಲ್ಲಿ ಕಟ್ಟುತ್ತಿದ್ದೇನೆ. ಪುಸ್ತಕಗಳ ವಿವರ ತೋರಿಸಲು ‘ಪುಸ್ತಕ-ಕಾರ್ಡ್’ ಎಂಬ ಕಸ್ಟಮ್ ಎಲಿಮೆಂಟನ್ನು, ಅಂದರೆ ಜಾವಾಸ್ಕ್ರಿಪ್ಟಿನಿಂದ ನಡೆಯುವ ಸ್ವಂತದ ಟ್ಯಾಗನ್ನು, ನಾನೇ ಬರೆದಿದ್ದೇನೆ. ಬ್ರೌಸರಿನಲ್ಲಿ ಅದು ಸರಿಯಾಗಿ ಮೂಡುತ್ತದೆ, ವಿನ್ಯಾಸದ ಪರದೆಯಲ್ಲಿ ಮಾತ್ರ ಆ ಜಾಗ ಖಾಲಿ. ಪುಸ್ತಕಗಳ ಪಟ್ಟಿಯನ್ನು ಆಯ್ದ ಭಾಗದ ಗುಣಗಳನ್ನು ತುಂಬುವ ಪ್ರಾಪರ್ಟಿ ಫಲಕದಿಂದ ಕೊಡಲೂ ಆಗುತ್ತಿಲ್ಲ. ತಪ್ಪು ನನ್ನ ಕೋಡಿನದೇ?

ಉತ್ತರ: ಬ್ರೌಸರಿನಲ್ಲಿ ಸರಿಯಾಗಿ ಮೂಡುತ್ತಿರುವುದರಿಂದ ಕೋಡಿನ ಬಗ್ಗೆ ನೀವು ಅಳುಕಬೇಕಾಗಿಲ್ಲ. ಇಂತಹ ಅನೇಕ ತಂತ್ರಾಂಶಗಳು ವಿನ್ಯಾಸದ ಪರದೆಯಲ್ಲಿ ನಿಮ್ಮ ಜಾವಾಸ್ಕ್ರಿಪ್ಟನ್ನು ಓಡಿಸುವುದಿಲ್ಲ. ಸ್ಕ್ರಿಪ್ಟ್ ಓಡದಿದ್ದರೆ ‘ಪುಸ್ತಕ-ಕಾರ್ಡ್’ ಎಂಬುದು ಅರ್ಥ ಗೊತ್ತಿಲ್ಲದ ಒಂದು ಟ್ಯಾಗ್ ಅಷ್ಟೇ. ಅಂತಹ ಟ್ಯಾಗನ್ನು ಸಾಲಿನೊಳಗಿನ ಅಕ್ಷರಗಳಂತೆ, ಅಂದರೆ ಇನ್‌ಲೈನ್ ಆಗಿ ಪರಿಗಣಿಸಲಾಗುವುದರಿಂದ, ಒಳಗೆ ಏನೂ ಇಲ್ಲದಾಗ ಅದಕ್ಕೆ ಅಗಲವೂ ಇಲ್ಲ, ಎತ್ತರವೂ ಇಲ್ಲ. ಪುಟದ ಅಂದವನ್ನು ಹೇಳುವ ಸಿಎಸ್‌ಎಸ್‌ನಲ್ಲಿ ನೀವು ಎತ್ತರ ಬರೆದರೂ ಇನ್‌ಲೈನ್ ಇರುವವರೆಗೆ ಅದು ಅನ್ವಯಿಸುವುದಿಲ್ಲ.

ಈ ತೊಡಕು ಹಳೆಯದು. ಮೈಕ್ರೋಸಾಫ್ಟಿನ ಕೋಡ್ ಬರೆಯುವ ತಂತ್ರಾಂಶವಾದ ವಿಷುವಲ್ ಸ್ಟುಡಿಯೋದ 2002 ಮತ್ತು 2003ರ ಆವೃತ್ತಿಗಳಲ್ಲಿ ಎಎಸ್‌ಪಿ ಡಾಟ್ ನೆಟ್‌ನ (ಸರ್ವರಿನಲ್ಲಿ ಜಾಲಪುಟ ಕಟ್ಟುವ ವ್ಯವಸ್ಥೆ) ಯೂಸರ್ ಕಂಟ್ರೋಲನ್ನು, ಅಂದರೆ ಪುಟದಂತೆಯೇ ಬರೆದ ಮರುಬಳಕೆಯ ತುಣುಕನ್ನು, ಪುಟಕ್ಕೆ ಎಳೆದಿಟ್ಟರೆ ಕಾಣುತ್ತಿದ್ದುದು ಹೆಸರು ಬರೆದ ಬೂದು ಪೆಟ್ಟಿಗೆ. ಅದರ ಒಳಗಿನ ನೋಟ ಕಂಡದ್ದು 2005ರ ಆವೃತ್ತಿಯಲ್ಲಿ. ಪೂರ್ತಿ ಕೋಡಿನಲ್ಲೇ ಬರೆದ ಕಸ್ಟಮ್ ಸರ್ವರ್ ಕಂಟ್ರೋಲಿನ ಪಾಡು ಬೇರೆಯಿತ್ತು. ತಂತ್ರಾಂಶ ಅದನ್ನು ನಿಜವಾಗಿಯೇ ಓಡಿಸುತ್ತಿತ್ತು, ಆದರೆ ವಿನ್ಯಾಸದ ಹೊತ್ತಿನಲ್ಲಿ ಬಳಕೆದಾರರ ಕೋರಿಕೆಯಾಗಲಿ ಅವರ ಭೇಟಿಯ ಮಾಹಿತಿ ಹಿಡಿದಿಡುವ ಸೆಷನ್ ಆಗಲಿ ಇರುವುದಿಲ್ಲವಾದ್ದರಿಂದ, ಅವುಗಳನ್ನು ನೆಚ್ಚಿದ ಕಂಟ್ರೋಲಿನ ಜಾಗದಲ್ಲಿ ದೋಷದ ಸಂದೇಶ ಬರುತ್ತಿತ್ತು. ಅದಕ್ಕಾಗಿಯೇ ‘ಕಂಟ್ರೋಲ್‌ಡಿಸೈನರ್’ ಎಂಬ ಪ್ರತ್ಯೇಕ ಕ್ಲಾಸ್ ಬರೆದು, ವಿನ್ಯಾಸಕ್ಕೆಂದೇ ಒಂದು ರೂಪವನ್ನು ಕೊಡಬೇಕಾಗುತ್ತಿತ್ತು. ಕಂಟ್ರೋಲ್ ಬರೆದವನೇ ಅದರ ವಿನ್ಯಾಸದ ರೂಪಕ್ಕೂ ಹೊಣೆ ಎಂಬ ಆ ಏರ್ಪಾಡು ನನಗೆ ಇಂದಿಗೂ ಸರಿಯೆನಿಸುತ್ತದೆ.

ನೀವೂ ಹಾಗೆಯೇ ಮಾಡಬಹುದು. ಟ್ಯಾಗನ್ನು ಖಾಲಿ ಬಿಡದೆ, ಪುಸ್ತಕದ ಹೆಸರು ಮತ್ತು ಲೇಖಕರ ಹೆಸರನ್ನು ಸಾಧಾರಣ ಎಚ್‌ಟಿಎಂಎಲ್ ಆಗಿ ಅದರೊಳಗೇ ಬರೆಯಿರಿ. ಸ್ಕ್ರಿಪ್ಟ್ ಇಲ್ಲದ ಪರದೆಯಲ್ಲೂ ಆ ಅಕ್ಷರಗಳು ಕಾಣುತ್ತವೆ; ಬ್ರೌಸರಿನಲ್ಲಿ ನಿಮ್ಮ ಕೋಡ್ ಅವನ್ನು ಸ್ಲಾಟ್ (ಒಳಗೆ ಬರೆದದ್ದು ಬಂದು ಕೂರುವ ಜಾಗ) ಮೂಲಕ ಎತ್ತಿಕೊಂಡು ಕಾರ್ಡಿನ ಅಂದ ತೊಡಿಸುತ್ತದೆ. ಶ್ಯಾಡೋ ಡಾಮ್ (ಎಲಿಮೆಂಟಿನ ಪ್ರತ್ಯೇಕ ಒಳರಚನೆ) ಬಳಸಿದ್ದು ಸ್ಲಾಟ್ ಇಡಲು ಮರೆತರೆ ಒಳಗೆ ಬರೆದದ್ದು ಬ್ರೌಸರಿನಲ್ಲಿ ಮರೆಯಾಗಿಬಿಡುತ್ತದೆ, ಎಚ್ಚರವಿರಲಿ.

ನಿಮ್ಮ ಎರಡನೆಯ ತೊಂದರೆಗೂ ಇದೇ ಪರಿಹಾರ ಒದಗುತ್ತದೆ. ಎಚ್‌ಟಿಎಂಎಲ್ ಆಟ್ರಿಬ್ಯೂಟ್‌ನಲ್ಲಿ, ಅಂದರೆ ಟ್ಯಾಗಿನ ಜೊತೆ ಬರೆಯುವ ಗುಣದಲ್ಲಿ, ಹಿಡಿಸುವುದು ಬರಿಯ ಪಠ್ಯ. ಜಾವಾಸ್ಕ್ರಿಪ್ಟಿನ ಅರೇ (ಪಟ್ಟಿ) ಒಂದನ್ನು ನಿಮ್ಮ ಎಲಿಮೆಂಟ್ ನಿರೀಕ್ಷಿಸುತ್ತಿದ್ದರೆ, ಆಟ್ರಿಬ್ಯೂಟನ್ನಷ್ಟೇ ಬರೆಯಬಲ್ಲ ಫಲಕ ಅದನ್ನು ತಲುಪಿಸಲಾರದು. ಪಟ್ಟಿಯನ್ನು ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಬರೆಯುವ ಒಂದು ಕ್ರಮ) ಪಠ್ಯವಾಗಿ ಆಟ್ರಿಬ್ಯೂಟ್‌ಗೆ ತುರುಕಬಹುದು, ಆದರೆ ಒಂದು ಉದ್ಧರಣ ಚಿಹ್ನೆ ತಪ್ಪಿದರೂ ಇಡೀ ಪಟ್ಟಿ ಕೆಡುವ ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಒಂದೊಂದು ಪುಸ್ತಕಕ್ಕೂ ಒಂದೊಂದು ಕಾರ್ಡ್ ಇಟ್ಟರೆ, ಗ್ರಂಥಪಾಲಕರೇ ಹೆಸರುಗಳನ್ನು ಪರದೆಯ ಮೇಲೆ ತಿದ್ದಿಕೊಳ್ಳಬಹುದು.

ಕಾರ್ಡಿಗೆ ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ಬ್ಲಾಕ್ ಎಂದು ಬರೆಯಿರಿ. ಎತ್ತರವನ್ನು ಬಿಗಿಯಾಗಿ ನಿಗದಿ ಮಾಡದೆ ಕನಿಷ್ಠ ಎತ್ತರವನ್ನಷ್ಟೇ ಕೊಡಿ. ಇಂಗ್ಲಿಷ್ ಮಾದರಿ ಪಠ್ಯ ಹಾಕಿ ಅಳೆದ ಪೆಟ್ಟಿಗೆಯಲ್ಲಿ ‘ರಾಷ್ಟ್ರ’ ಎಂದು ಬರೆದರೆ, ಕೆಳಗೆ ಇಳಿಯುವ ಒತ್ತಕ್ಷರಗಳ ತುದಿ ಕತ್ತರಿಸಿಹೋಗಬಹುದು.