ಮಗ ಒಲ್ಲೆ ಅಂತಾನೆ, ನನಗೇ ಪ್ರಾರ್ಥನೆ ಬರುತ್ತಿಲ್ಲ

ಹೆಸರು ಬೇಡ ಅಂದಿದ್ದೀರಿ, ಹಾಕುವುದಿಲ್ಲ. ಓದುವವರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ನಿಮಗೆ 44, ಮಗನಿಗೆ 15. ಈ ವರ್ಷ ದೃಢೀಕರಣ ಸಂಸ್ಕಾರಕ್ಕೆ, ಅಂದರೆ ಜ್ಞಾನಸ್ನಾನ ಪಡೆದ ಮಕ್ಕಳು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ತಾವೇ ಹೇಳಿ ಗಟ್ಟಿಮಾಡಿಕೊಳ್ಳುವ ಚರ್ಚಿನ ವಿಧಿಗೆ, ಬರುವುದಿಲ್ಲ ಅಂತ ಅವನು ಹಟ ಹಿಡಿದಿದ್ದಾನೆ. 'ನಂಬಿಕೆ ಇಲ್ಲದೆ ಬಿಷಪ್ ಮುಂದೆ ನಿಂತು ಸುಳ್ಳು ಹೇಳಲ್ಲ' ಅಂತಾನೆ. 'ನಿನ್ನ ನಂಬಿಕೆ ಗಟ್ಟಿ ಇದ್ದಿದ್ರೆ ಮಗ ಹೀಗಾಗ್ತಿರಲಿಲ್ಲ' ಅಂತ ನಿಮ್ಮಮ್ಮ. ಆ ಮಾತು ಚುಚ್ಚಿತು, ಯಾಕೆಂದರೆ ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗಿನಿಂದ ನಿಮಗೂ ಪ್ರಾರ್ಥನೆ ಆಗುತ್ತಿಲ್ಲ. ಭಾನುವಾರ ಪೂಜೆಗೆ ಹೋಗುತ್ತೀರಿ, ಏಳುತ್ತೀರಿ, ಮೊಣಕಾಲೂರುತ್ತೀರಿ, ಮನೆಗೆ ಬರುತ್ತೀರಿ. ಮಗನನ್ನು ಒತ್ತಾಯ ಮಾಡಲಾ, ಅಥವಾ ನಾನೇ ನಾಟಕ ಮಾಡ್ತಿದ್ದೀನಾ ಅಂತ ಕೇಳಿದ್ದೀರಿ.

ಮೊದಲು ನಿಮ್ಮ ಪೆನ್ಸಿಲ್ ಡಬ್ಬಿಯ ಕಥೆಗೆ ಬರ್ತೀನಿ. ಎಂಟು ವರ್ಷದವರಿದ್ದಾಗ ಡಬ್ಬಿ ಕಳೆದುಹೋಗಿ, ಕಳೆದದ್ದನ್ನು ಹುಡುಕಿಕೊಡುತ್ತಾನೆ ಅಂತ ನಂಬುವ ಸಂತ ಅಂತೋಣಿಗೆ ಬೇಡಿಕೊಂಡು, ಮಂಚದ ಕೆಳಗೆ ಸಿಕ್ಕಿತು ಅಂತ ಬರೆದಿದ್ದೀರಿ. 'ಅವತ್ತಿನ ನಂಬಿಕೆ ಈಗ ಎಲ್ಲಿ ಹೋಯ್ತು?' ಅಂತ ಕೇಳಿದ್ದೀರಿ. ಅಲ್ಲಾ, ಆ ವಯಸ್ಸಿನ ಮಕ್ಕಳ ದೇವರು ಇರುವುದೇ ಹಾಗೆ. ಕೇಳಿದರೆ ಕೊಡುತ್ತಾನೆ, ತಪ್ಪು ಮಾಡಿದರೆ ಶಿಕ್ಷೆ, ಲೆಕ್ಕ ಪಕ್ಕಾ. ಜೇಮ್ಸ್ ಫೌಲರ್ ಅನ್ನುವ ಅಮೆರಿಕದ ದೇವಶಾಸ್ತ್ರಜ್ಞ ಚಿಕ್ಕ ಮಕ್ಕಳಿಂದ ಹಿಡಿದು ಮುದುಕರವರೆಗೆ ನೂರಾರು ಜನರನ್ನು ಕೂರಿಸಿಕೊಂಡು ಮಾತಾಡಿಸಿ, ನಂಬಿಕೆ ಹಂತ ಹಂತವಾಗಿ ರೂಪ ಬದಲಿಸುತ್ತೆ ಅಂತ 1981ರಲ್ಲಿ ಬರೆದರು. ಸಣ್ಣವರಲ್ಲಿ ಕಥೆಯೇ ನಿಜ. ಹದಿಹರೆಯದಲ್ಲಿ ಮನೆಯವರು, ಗೆಳೆಯರು ನಂಬಿದ್ದೇ ತನ್ನದು. ಆಮೇಲೆ 'ಇದರಲ್ಲಿ ನನ್ನದು ಎಷ್ಟು?' ಅಂತ ಕೆದಕುವ ಕಾಲ. ನಡುವಯಸ್ಸು ದಾಟಿದ ಮೇಲೆ ಕೆಲವರಿಗೆ ಮಾತ್ರ, ಉತ್ತರ ಸಿಗದ ಪ್ರಶ್ನೆಗಳ ಜೊತೆಗೇ ಬದುಕುವ ಒಂದು ನಂಬಿಕೆ. ಈ ಮೆಟ್ಟಿಲುಗಳು ನನಗೆ ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟು ಅನಿಸುತ್ತವೆ, ಜೀವನ ಹಾಗೆ ಸಾಲಾಗಿ ನಡೆಯಲ್ಲ. ಆದರೂ ಒಂದಂತೂ ಸರಿ. ಅಪ್ಪನ ಹಾಸಿಗೆ ಪಕ್ಕ ಕೂತು ಬೇಡಿಕೊಂಡಾಗಲೂ ನೀವು ಪೆನ್ಸಿಲ್ ಡಬ್ಬಿಯ ಲೆಕ್ಕವನ್ನೇ ಹಿಡಿದುಕೊಂಡಿದ್ದಿರಿ. ಡಬ್ಬಿ ಸಿಕ್ಕಿತ್ತು, ಅಪ್ಪ ಉಳಿಯಲಿಲ್ಲ. ಮುರಿದದ್ದು ಆ ಲೆಕ್ಕ. ದೇವರೂ ಅದರ ಜೊತೆಗೇ ಹೋದನಾ ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಈಗಲೇ ಉತ್ತರ ಹೇಳಬೇಕಾಗಿಲ್ಲ.

ನಾಟಕವಾ? ನನಗೆ ಹಾಗನಿಸಲ್ಲ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಹೊರಬಂದಾಗ ಜನ ಬೆಚ್ಚಿಬಿದ್ದರು. ದಶಕಗಳ ಕಾಲ ಅವರಿಗೆ ಒಳಗೆ ದೇವರ ಸುಳಿವೇ ಸಿಕ್ಕಿರಲಿಲ್ಲ. ಆದರೂ ದಿನಾ ಪೂಜೆಗೆ ಹೋಗುತ್ತಿದ್ದರು, ಕೆಲಸ ಮಾಡುತ್ತಿದ್ದರು. ನಿಮ್ಮನ್ನು ಅವರಿಗೆ ಹೋಲಿಸುತ್ತಿಲ್ಲ, ಗಾಬರಿಯಾಗಬೇಡಿ. ಏನೂ ಅನಿಸದಿದ್ದರೂ ಹೋಗಿ ಕೂರುವುದಕ್ಕೆ ನಾಟಕ ಅನ್ನುವ ಹೆಸರು ಸರಿಯಲ್ಲ ಅಂತ ಅಷ್ಟೇ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ಅಪ್ಪ ಬರ್ತಾನಲ್ಲ, ಕಾಯಿಲೆಯ ಮಗನನ್ನು ಕರೆದುಕೊಂಡು? ನಂಬ್ತೀನಿ, ನನ್ನ ಅಪನಂಬಿಕೆಯನ್ನೂ ನೀನೇ ನೋಡಿಕೋ ಅಂತ ಯೇಸುವಿನ ಮುಂದೆಯೇ ಹೇಳಿಬಿಡ್ತಾನೆ. ಯಾರೂ ಅವನನ್ನು ಆಚೆ ಕಳಿಸಲಿಲ್ಲ.

ಈಗ ಮಗ. ಒತ್ತಾಯ ಬೇಡ, ಖಂಡಿತ ಬೇಡ. ಜ್ಞಾನಸ್ನಾನದ ದಿನ ಅವನ ಪರವಾಗಿ ಉತ್ತರ ಕೊಟ್ಟಿದ್ದು ನೀವು. ದೃಢೀಕರಣದಲ್ಲಿ ಅವನೇ ಬಾಯಿಬಿಟ್ಟು ಹೇಳಬೇಕು. ಹೇಳಲಾರೆ ಅನ್ನುವ ಹುಡುಗ, ಹೊಸ ಶರ್ಟು ಮತ್ತು ಫೋಟೋಗಾಗಿ ಸುಮ್ನೆ ತಲೆಯಾಡಿಸುವ ಹುಡುಗನಿಗಿಂತ ಆ ಮಾತಿಗೆ ಜಾಸ್ತಿ ಬೆಲೆ ಕೊಟ್ಟಿದ್ದಾನೆ ಅಲ್ವಾ? ಆ ಸಂಸ್ಕಾರಕ್ಕೆ ವಯಸ್ಸು ಮೀರಿತು ಅಂತೇನೂ ಇಲ್ಲ, ದೊಡ್ಡವರಾದ ಮೇಲೂ ತೆಗೆದುಕೊಳ್ಳಬಹುದು. ಈ ವರ್ಷ ಬೇಡ ಅಂತ ಫಾದರ್ ಹತ್ತಿರ ನೀವೇ ಹೋಗಿ ಹೇಳಿ, ಅವನನ್ನು ಅಲ್ಲಿ ಒಬ್ಬನೇ ನಿಲ್ಲಿಸಬೇಡಿ. ಸಂತ ಅಗಸ್ಟೀನ್ ಹುಡುಗನಾಗಿದ್ದಾಗ ಬೇರೆ ಪಂಥದ ಹಿಂದೆ ಹೋದ. ತಾಯಿ ಮೋನಿಕಾ ಒಬ್ಬ ಬಿಷಪ್ ಬಳಿ ಅತ್ತು, ಅವನ ಜೊತೆ ವಾದ ಮಾಡಿ ಬುದ್ಧಿ ಹೇಳಿ ಅಂತ ಗೋಗರೆದಳು. ಆತ ಒಪ್ಪಲಿಲ್ಲ. ಅವನನ್ನು ಅವನ ಪಾಡಿಗೆ ಬಿಡು, ಪ್ರಾರ್ಥನೆ ಮಾತ್ರ ಬಿಡಬೇಡ ಅಂದ. ಆ ಬಿಷಪ್ ಸ್ವತಃ ಅದೇ ಪಂಥದಲ್ಲಿ ಬೆಳೆದು ಹೊರಬಂದವನು, ಹಾಗಾಗಿ ಆ ಮಾತಿಗೆ ತೂಕ. ಅಗಸ್ಟೀನ್ ಜ್ಞಾನಸ್ನಾನ ಪಡೆದದ್ದು 387ರಲ್ಲಿ, 32ನೇ ವಯಸ್ಸಿಗೆ. ನಿಮ್ಮ ಮಗನೂ ಹಾಗೇ ವಾಪಸ್ ಬರ್ತಾನೆ ಅಂತ ನಾನು ಮಾತು ಕೊಡಲಾರೆ. ಬರದೆಯೂ ಇರಬಹುದು, ಆಗಲೂ ಅವನು ನಿಮ್ಮ ಮಗನೇ. ಆದರೆ ತಾತ ಹೋದ ಮೇಲೆ ನಿಮಗೆ ಏನಾಯಿತು ಅಂತ ಅವನಿಗೆ ಹೇಳಿ. ಅಮ್ಮನಿಗೆ ಎಲ್ಲಾ ಗಟ್ಟಿ, ನನಗೊಬ್ಬನಿಗೇ ಅನುಮಾನ ಅಂತ ಅವನು ಅಂದುಕೊಂಡಿರುವ ಸಾಧ್ಯತೆ ಇದೆ.

ಉಳಿದದ್ದು ನಿಮ್ಮಮ್ಮ. ಪತ್ರದಲ್ಲಿ ಒಂದು ಸಾಲು ಹಾಗೇ ದಾಟಿಬಿಟ್ಟಿದ್ದೀರಿ. ಮೊದಲೆಲ್ಲ ಅವರು ಜಪಸರ ಗಟ್ಟಿಯಾಗಿ ಹೇಳುತ್ತಿದ್ದರು, ಕೊನೆಗೆ ಎಲ್ಲರ ಹೆಸರು ಹಿಡಿದು ಉದ್ದದ ಪಟ್ಟಿ. ಈಗ ಮಣಿ ಹಿಡಿದು ಸುಮ್ನೆ ಕೂತಿರುತ್ತಾರೆ, ತುಟಿ ಸಹ ಅಲುಗಲ್ಲ, 'ಬಹುಶಃ ನಿದ್ದೆ' ಅಂತ ಬರೆದಿದ್ದೀರಿ. ನಿಮಗೆ ಅಪ್ಪ ಹೋದ ದಿನವೇ ಅವರಿಗೆ ಗಂಡ ಹೋದದ್ದು. ಒಂದು ಸಂಜೆ ಪಕ್ಕದಲ್ಲಿ ಕೂತು, ಅಪ್ಪ ಹೋದ ವಾರ ನಿಂಗೆ ಪ್ರಾರ್ಥನೆ ಮಾಡೋಕೆ ಆಯ್ತಾ ಅಮ್ಮಾ ಅಂತ ಕೇಳಿ ನೋಡಿ. ಮಗನ ವಿಷಯ ಅವತ್ತು ಎತ್ತಬೇಡಿ.