ತಿಂಗಳ ಪಥ್ಯ: ಓದುಗರ ಪ್ರಶ್ನೆ, ಆಹಾರತಜ್ಞರ ಉತ್ತರ

ಪ್ರಶ್ನೆ: ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ, ವಾರಕ್ಕೆರಡು ಸಲ ತಲೆನೋವು ಬರುತ್ತದೆ. ಹಾಲು, ಗೋಧಿ, ಮೊಟ್ಟೆ, ಸೋಯಾ, ಶೇಂಗಾ ಎಲ್ಲವನ್ನೂ ಒಂದು ತಿಂಗಳು ಬಿಟ್ಟು ನೋಡಬೇಕೆಂದಿದ್ದೇನೆ. ನಾಳೆಯಿಂದಲೇ ಶುರು ಮಾಡಬಹುದೇ?

ಉತ್ತರ: ನಾಳೆಯಿಂದ ಬೇಡ. ಮೊದಲು ವೈದ್ಯರನ್ನು ಕಂಡು ಸೀಲಿಯಾಕ್ ಕಾಯಿಲೆಯ, ಅಂದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆಯ, ರಕ್ತಪರೀಕ್ಷೆ (ಟಿಟಿಜಿ–ಐಜಿಎ) ಮಾಡಿಸಿಕೊಳ್ಳಿ, ಅದೂ ಗೋಧಿ ತಿನ್ನುತ್ತಿರುವಾಗಲೇ. ಈ ಪರೀಕ್ಷೆ ಹುಡುಕುವುದು ಗ್ಲುಟೆನ್‌ಗೆ ಪ್ರತಿಯಾಗಿ ದೇಹ ತಯಾರಿಸುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟರೆ ಅವು ಇಳಿಯುತ್ತಾ ಹೋಗುತ್ತವೆ. ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು. ಆಗ ಪರೀಕ್ಷೆಗೋಸ್ಕರವೇ ವಾರಗಟ್ಟಲೆ ದಿನವೂ ಗೋಧಿ ತಿನ್ನಬೇಕಾಗುತ್ತದೆ. ಮೈ ಒಗ್ಗದ ಪದಾರ್ಥವನ್ನು ಹಾಗೆ ತಿನ್ನುವ ಕಷ್ಟ ಯಾರಿಗೂ ಬೇಡ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, ನುಂಗಲು ತೊಂದರೆ: ಇವುಗಳಲ್ಲಿ ಒಂದಿದ್ದರೂ ಪಥ್ಯದ ಯೋಚನೆ ಬಿಟ್ಟು ತಪಾಸಣೆ ಮಾಡಿಸಿಕೊಳ್ಳಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಈ ಪಥ್ಯವನ್ನು ಸ್ವಂತ ನಿರ್ಧಾರದಿಂದ ಮಾಡಬಾರದು. ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರಿಗೆ ಇದು ಬೇಡವೇ ಬೇಡ.

ಪಥ್ಯಕ್ಕೆ ಮುಂಚಿನ ಒಂದು ವಾರ ಎಂದಿನಂತೆ ಉಂಡು ಡೈರಿ ಬರೆಯಿರಿ. ತಿಂದ ಹೊತ್ತು, ಪದಾರ್ಥ, ಪ್ರಮಾಣ, ತೊಂದರೆ ಶುರುವಾದ ಹೊತ್ತು, ಅದಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ. ಜೊತೆಗೆ ನಿದ್ದೆ, ಮುಟ್ಟಿನ ದಿನಗಳು, ನುಂಗಿದ ಮಾತ್ರೆಗಳು. ಹಿಂದೆ ಹೇಗಿತ್ತು ಎಂಬ ಲೆಕ್ಕ ಕೈಯಲ್ಲಿಲ್ಲದಿದ್ದರೆ ತಿಂಗಳ ಕೊನೆಗೆ 'ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತದೆ' ಎಂಬುದಷ್ಟೇ ಉಳಿಯುತ್ತದೆ. ಕಾಫಿ, ಚಹಾ ಬಿಡುವುದಿದ್ದರೆ ಆ ವಾರದಲ್ಲೇ ಹಂತಹಂತವಾಗಿ ಕಡಿಮೆ ಮಾಡಿ. ಕೆಫೀನ್ ಒಮ್ಮೆಗೇ ನಿಂತರೆ 12ರಿಂದ 24 ಗಂಟೆಯೊಳಗೆ ತಲೆನೋವು ಹಿಡಿಯುತ್ತದೆ, ಒಂಬತ್ತು ದಿನದವರೆಗೂ ಕಾಡಬಹುದು. ನಿಮಗೆ ಮೊದಲೇ ತಲೆನೋವಿರುವುದರಿಂದ ಯಾವುದು ಯಾವುದರದ್ದೆಂದು ತಿಳಿಯುವುದೇ ಇಲ್ಲ.

ಪ್ರಶ್ನೆ: ಹಾಲು, ಗೋಧಿ ಬಿಟ್ಟು ಎರಡು ವಾರವಾಯಿತು. ಹೊಟ್ಟೆ ಉಬ್ಬರ ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಬಿಟ್ಟದ್ದರ ಜಾಗಕ್ಕೆ ಏನು ಬಂದಿದೆ ಎಂದು ಮೊದಲು ನೋಡಿ. ಹಾಲು, ಬ್ರೆಡ್ ಹೋದ ಮೇಲೆ ಹಸಿವು ನೀಗಲು ಜನ ಸಾಮಾನ್ಯವಾಗಿ ಕೈ ಹಾಕುವುದು ಕಾಳು, ಗೋಡಂಬಿ, ಖರ್ಜೂರ, ಸೇಬು, ಜೇನುತುಪ್ಪದ ಕಡೆಗೆ. ಆರೋಗ್ಯಕ್ಕೆ ಒಳ್ಳೆಯವೇ. ಆದರೆ ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದ ಸಕ್ಕರೆಗಳು ಇವುಗಳಲ್ಲಿ ಹೆಚ್ಚು. ಅವು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತವೆ. ಈ ಗುಂಪಿನ ಸಕ್ಕರೆಗಳನ್ನು 'ಫೋಡ್‌ಮ್ಯಾಪ್' ಎನ್ನುತ್ತಾರೆ. ಇವನ್ನು ಕಡಿಮೆ ಮಾಡುವ ಪಥ್ಯವನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಸಾರ್ಬಿಟಾಲ್, 'ನಾರಿನಂಶ ಹೆಚ್ಚಿಸಿದ' ತಿನಿಸುಗಳಿಗೆ ಬೆರೆಸುವ ಇನುಲಿನ್ ಕೂಡ ಇದೇ ಕೆಲಸ ಮಾಡುತ್ತವೆ.

ಈರುಳ್ಳಿ, ಬೆಳ್ಳುಳ್ಳಿಯ ಮೇಲೂ ಕಣ್ಣಿಡಿ. ಅವುಗಳಲ್ಲಿರುವ ಫ್ರಕ್ಟಾನ್ ಎಂಬ ಫೋಡ್‌ಮ್ಯಾಪ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಸಾರಿನಲ್ಲೋ ಸೂಪಿನಲ್ಲೋ ಬೇಯಿಸಿ ಚೂರುಗಳನ್ನು ತೆಗೆದು ಹಾಕಿದರೆ ಪ್ರಯೋಜನವಿಲ್ಲ, ತೊಂದರೆ ಕೊಡುವ ಅಂಶ ಆಗಲೇ ನೀರಿಗಿಳಿದಿರುತ್ತದೆ. ಬಿಸಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳನ್ನು ಬಾಡಿಸಿ, ನೀರು ತಾಗುವ ಮೊದಲೇ ಎಸಳನ್ನು ಪೂರ್ತಿ ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ಉಬ್ಬರ ಬರುವುದಿಲ್ಲ. ಎಣ್ಣೆಯನ್ನು ಅವತ್ತೇ ಬಳಸಿ ಮುಗಿಸಿ.

ಇನ್ನು ಲೇಬಲ್. ಕೇಸಿನ್, ವೇ ಎಂದಿದ್ದರೆ ಅದು ಹಾಲು. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ, ಅದರಲ್ಲೂ ಗ್ಲುಟೆನ್ ಇದೆ. ಹೆಚ್ಚಿನ ಸೋಯಾ ಸಾಸ್‌ಗಳಲ್ಲಿ ಗೋಧಿ ಇರುತ್ತದೆ. ಇಷ್ಟನ್ನೆಲ್ಲ ಸರಿಪಡಿಸಿ ನಾಲ್ಕು ವಾರ, ಹೆಚ್ಚೆಂದರೆ ಆರು ವಾರ ಕಳೆದರೂ ಡೈರಿಯ ಅಂಕ ಇಳಿಯದಿದ್ದರೆ ಪಥ್ಯ ನಿಲ್ಲಿಸಿ ಎಂದಿನಂತೆ ಉಣ್ಣಿ. ನೀವು ಬಿಟ್ಟ ಪದಾರ್ಥಗಳು ಬಹುಶಃ ನಿಮ್ಮ ತೊಂದರೆಗೆ ಕಾರಣವಲ್ಲ. ಇನ್ನಷ್ಟು ಬಿಡುತ್ತಾ ಹೋಗುವುದು ದಾರಿಯಲ್ಲ.

ಪ್ರಶ್ನೆ: ಹನ್ನೆರಡನೇ ದಿನ ಮರೆತು ಒಂದು ಬಿಸ್ಕತ್ತು ತಿಂದೆ. ಮತ್ತೆ ಮೊದಲ ದಿನದಿಂದ ಶುರು ಮಾಡಬೇಕೇ?

ಉತ್ತರ: ಬೇಡ. ಡೈರಿಯಲ್ಲಿ ಬರೆದಿಡಿ. ತೊಂದರೆ ಕಂಡರೆ ಅದು ಪೂರ್ತಿ ಇಳಿಯುವವರೆಗೆ ಕಾದು, ಅಷ್ಟೇ ದಿನಗಳನ್ನು ಕೊನೆಗೆ ಸೇರಿಸಿಕೊಳ್ಳಿ. ಏನೂ ಆಗದಿದ್ದರೆ ಮುಂದುವರಿಸಿ.

ಪ್ರಶ್ನೆ: ಮೂವತ್ತು ದಿನ ಮುಗಿಯುತ್ತಾ ಬಂತು, ತಲೆನೋವು ನಿಂತೇ ಹೋಗಿದೆ. ಮುಂದೇನು?

ಉತ್ತರ: ನಿಮ್ಮ ಪರೀಕ್ಷೆ ಈಗ ಶುರು. ಇಲ್ಲಿಯವರೆಗೆ ತಿಳಿದದ್ದು ಬಿಟ್ಟವುಗಳಲ್ಲಿ ಯಾವುದೋ ಒಂದು ಕಾರಣವಿರಬಹುದು ಎಂಬುದಷ್ಟೇ. ಯಾವುದು, ಎಷ್ಟು ತಿಂದರೆ ಎಂಬುದಕ್ಕೆ ಉತ್ತರ ಸಿಗುವುದು ಒಂದೊಂದಾಗಿ ಮರಳಿ ತಿಂದಾಗ. ಮೂವತ್ತೊಂದನೇ ದಿನ ಪಿಜ್ಜಾ ತಿಂದರೆ ಗೋಧಿ, ಹಾಲು, ಬೆಳ್ಳುಳ್ಳಿ ಒಟ್ಟಿಗೇ ಒಳಗೆ ಹೋಗುತ್ತವೆ, ತಿಂಗಳ ಶ್ರಮವೆಲ್ಲ ಒಂದು ಊಟಕ್ಕೆ ವ್ಯರ್ಥ.

ಒಂದು ಪದಾರ್ಥಕ್ಕೆ ಮೂರು ದಿನ, ದಿನಕ್ಕೊಮ್ಮೆ, ಸಾಧ್ಯವಾದಷ್ಟು ಬೆಳಿಗ್ಗೆ. ಹಾಲಾದರೆ ಮೊದಲ ದಿನ 60 ಮಿ.ಲೀ., ಎರಡನೇ ದಿನ 120, ಮೂರನೇ ದಿನ 250. ಬ್ರೆಡ್ಡಾದರೆ ಅರ್ಧ, ಒಂದು, ಎರಡು ತುಂಡು. ಚೆನ್ನಾಗಿ ಬೇಯಿಸಿದ ಮೊಟ್ಟೆಯಾದರೆ ಕಾಲು, ಅರ್ಧ, ಒಂದು. ತೊಂದರೆ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಕನಿಷ್ಠ ಮೂರು ದಿನ ಮತ್ತೆ ಪಥ್ಯ, ಅಂಕ ಮೊದಲಿನಷ್ಟೇ ಇಳಿದ ಮೇಲೆ ಮುಂದಿನ ಪದಾರ್ಥ. ಒಂದು ಪದಾರ್ಥ ಒಗ್ಗಿತೆಂದು ತಕ್ಷಣ ದಿನದೂಟಕ್ಕೆ ಸೇರಿಸಬೇಡಿ, ಎಲ್ಲ ಮುಗಿಯಲಿ. ಹೆಚ್ಚು ಅನುಮಾನವಿರುವುದನ್ನು ಕೊನೆಗಿಡಿ. ಅದು ಮೊದಲೇ ಕಾಟ ಕೊಟ್ಟರೆ ಉಳಿದವೆಲ್ಲ ಹಿಂದೆ ಬೀಳುತ್ತವೆ.

ಹಾಲನ್ನು ಎರಡು ಪರೀಕ್ಷೆಯಾಗಿ ಮಾಡಿ. ಮೊದಲು ಹಳೆಯ ಗಟ್ಟಿ ಚೀಸ್, ಆಮೇಲೆ ಹಾಲು. ಗಟ್ಟಿ ಚೀಸ್‌ನಲ್ಲಿ ಹಾಲಿನ ಪ್ರೋಟೀನ್ ಇದೆ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಚೀಸ್ ಒಗ್ಗಿ ಹಾಲು ಒಗ್ಗದಿದ್ದರೆ ಅನುಮಾನ ಲ್ಯಾಕ್ಟೋಸ್ ಮೇಲೆ, ಅದನ್ನು ಉಸಿರಿನ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು. ಹಾಗಿದ್ದರೂ ಹಾಲು ಪೂರ್ತಿ ಬಿಡಬೇಕಿಲ್ಲ. ಲ್ಯಾಕ್ಟೋಸ್ ಒಗ್ಗದವರಲ್ಲಿ ಹೆಚ್ಚಿನವರು ಒಮ್ಮೆಗೆ 12 ಗ್ರಾಂವರೆಗೆ, ಅಂದರೆ ಸುಮಾರು ಒಂದು ಲೋಟ ಹಾಲಿನಷ್ಟನ್ನು, ಅದರಲ್ಲೂ ಊಟದ ಜೊತೆಗೆ, ತಡೆದುಕೊಳ್ಳುತ್ತಾರೆ.

ಗೋಧಿಯಲ್ಲೂ ಹೀಗೆಯೇ. ಗೋಧಿ ಆಗದು ಎಂದ ಮಾತ್ರಕ್ಕೆ ಗ್ಲುಟೆನ್ ಆಗದು ಎಂದಲ್ಲ. 2018ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ, ಸೀಲಿಯಾಕ್ ಇಲ್ಲದೆಯೂ ಗ್ಲುಟೆನ್ ಬಿಟ್ಟಿದ್ದ 59 ಜನರಿಗೆ ಏನೆಂದು ಹೇಳದೆ ಗ್ಲುಟೆನ್ ಮತ್ತು ಫ್ರಕ್ಟಾನ್ ಬೇರೆಬೇರೆಯಾಗಿ ಕೊಟ್ಟು ನೋಡಿದಾಗ ಹೆಚ್ಚು ತೊಂದರೆ ಕೊಟ್ಟದ್ದು ಗೋಧಿಯಲ್ಲೂ ಇರುವ ಫ್ರಕ್ಟಾನ್. ಬ್ರೆಡ್ಡೂ ಬೆಳ್ಳುಳ್ಳಿಯೂ ಎರಡೂ ನಿಮ್ಮನ್ನು ಕಾಡಿದರೆ ಇದು ನೆನಪಿರಲಿ.

ಫಲಿತಾಂಶ ಅನುಮಾನವೆನಿಸಿದರೆ ಮನೆಯವರೊಬ್ಬರ ಸಹಾಯ ಪಡೆಯಿರಿ. ಅವರು ಒಂದೇ ರುಚಿಯ ಗಂಜಿಗೆ ಕೆಲವು ದಿನ ಆ ಪದಾರ್ಥ ಬೆರೆಸಲಿ, ಕೆಲವು ದಿನ ಬಿಡಲಿ, ನಿಮಗೆ ಹೇಳದೆ ಬರೆದಿಟ್ಟುಕೊಳ್ಳಲಿ. ಆಮೇಲೆ ಎರಡು ಡೈರಿಗಳನ್ನು ಹೋಲಿಸಿ ನೋಡಿ. ಭಯವೇ ಹೊಟ್ಟೆನೋವು ತರುವುದುಂಟು, ಆ ನೋವು ಸುಳ್ಳಲ್ಲ, ಕಾರಣ ಮಾತ್ರ ಬೇರೆ.

ಎಚ್ಚರಿಕೆ: ಯಾವುದೇ ಪದಾರ್ಥ ತಿಂದಾಗ ಹಿಂದೆಂದಾದರೂ ತುಟಿ ನಾಲಿಗೆ ಊದಿದ್ದರೆ, ಮೈತುಂಬ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ಮನೆಯಲ್ಲಿ ಕಾಲು ಚಮಚವೂ ಪರೀಕ್ಷಿಸಬೇಡಿ. ಅದು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಆಗಬೇಕಾದ ಕೆಲಸ.

ಪ್ರಶ್ನೆ: ನನಗಂತೂ ಹಗುರವೆನಿಸಿದೆ, ತೂಕವೂ ಇಳಿದಿದೆ. ಹೀಗೇ ಮುಂದುವರಿಸಿದರೆ ಏನು ನಷ್ಟ?

ಉತ್ತರ: ಮೊದಲ ವಾರ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ರೂಪವಾದ ಗ್ಲೈಕೋಜೆನ್ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ, ಹಿಟ್ಟಿನ ಪದಾರ್ಥ ಕಡಿಮೆಯಾದಾಗ ಎರಡೂ ಖಾಲಿಯಾಗುತ್ತವೆ. ಹಗುರವೆನಿಸಲು ಕರಿದ ತಿಂಡಿ, ಸಿಹಿ ಪಾನೀಯ, ಮದ್ಯ ನಿಂತದ್ದೂ ಕಾರಣವಿರಬಹುದು. ಅವನ್ನು ಬಿಟ್ಟೇ ಇರಿ, ಮೊಟ್ಟೆ ಹಾಲುಗಳಿಗೆ ಆ ಶಿಕ್ಷೆ ಬೇಡ.

ನಷ್ಟವಂತೂ ಇದೆ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ಒಂದು ಲೋಟ ಹಾಲಿನಲ್ಲೇ 300ರಷ್ಟಿದೆ. ಹಾಲಿನ ಬದಲಿಗೆ ಬಳಸುವ ಸಸ್ಯಜನ್ಯ ಪಾನೀಯದಲ್ಲಿ 100 ಮಿ.ಲೀ.ಗೆ 120 ಮಿ.ಗ್ರಾಂ. ಕ್ಯಾಲ್ಸಿಯಂ ಸೇರಿಸಿದ್ದಾರೆಯೇ ನೋಡಿ. ಸುರಿಯುವ ಮುನ್ನ ಡಬ್ಬಿ ಚೆನ್ನಾಗಿ ಕುಲುಕಿ, ಕ್ಯಾಲ್ಸಿಯಂ ತಳಕ್ಕೆ ಕೂತಿರುತ್ತದೆ. ಫೋಡ್‌ಮ್ಯಾಪ್ ಬಿಟ್ಟವರ ಕರುಳಿನಲ್ಲಿ ಬೈಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಕಡಿಮೆಯಾಗುವುದೂ ಕಂಡುಬಂದಿದೆ. ಒಗ್ಗುವುದನ್ನೆಲ್ಲ ತಟ್ಟೆಗೆ ಮರಳಿ ತನ್ನಿ.

ಪ್ರಶ್ನೆ: ಇಷ್ಟೆಲ್ಲ ಪಾಡು ಪಡುವ ಬದಲು ರಕ್ತದಲ್ಲಿ ಐಜಿಜಿ ಪರೀಕ್ಷೆ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು. ಆಹಾರದ ಐಜಿಜಿ ಪ್ರತಿಕಾಯಗಳು ಹೇಳುವುದು ನೀವು ಆ ಪದಾರ್ಥ ತಿಂದಿದ್ದೀರಿ ಎಂಬುದನ್ನು, ಅದು ಒಗ್ಗುವುದಿಲ್ಲ ಎಂಬುದನ್ನಲ್ಲ. ದಿನವೂ ತಿನ್ನುವ ಪದಾರ್ಥಗಳೇ ಆ ಪಟ್ಟಿಯಲ್ಲಿ ಕೆಂಪಾಗಿ ಬರುವುದು ಅದಕ್ಕೇ. ಅಲರ್ಜಿ ತಜ್ಞರ ಸಂಘಗಳು ಅದನ್ನು ಶಿಫಾರಸು ಮಾಡುವುದಿಲ್ಲ. ಆ ವರದಿ ಈಗಾಗಲೇ ಕೈಯಲ್ಲಿದ್ದರೆ ಅದನ್ನು ನೋಡಿ ಏನನ್ನೂ ಬಿಡಬೇಡಿ.