ಅಮ್ಮ ಕೇಳುತ್ತಿರುವ ‘ಮಾಲ್ಗುಡಿ ಡೇಸ್’ ಯಾವುದು?

ಚಿಂತಾಮಣಿಯ ನಿಮ್ಮ ಮನೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಹಾಕಿಕೊಟ್ಟರೆ ನಿಮ್ಮ ತಾಯಿಯವರು “ನಾವು ನೋಡಿದ್ದು ಇದಲ್ಲ, ಸ್ವಾಮಿ ಎಲ್ಲಿ?” ಎನ್ನುತ್ತಾರೆಂದು ಬರೆದಿದ್ದೀರಿ. ಅದಕ್ಕೆ, ನೀವು 2006ರ ಕಂತುಗಳಿಂದ ಆರಂಭಿಸಿರುವುದೇ ಕಾರಣವಿರಬೇಕು. ಕಂತಿನ ಹೆಸರನ್ನು ನೀವು ಬರೆದಿಲ್ಲವಾದ್ದರಿಂದ ಇದು ನನ್ನ ಊಹೆ. ಆದರೆ ತುಮಕೂರಿನ ನಮ್ಮ ಮನೆಯಲ್ಲಿಯೂ ಇದೇ ಎಡವಟ್ಟಾಗಿತ್ತು. ಶಂಕರ್‌ನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ನಿರ್ದೇಶಿಸಿದ ಮೂಲ ಸರಣಿಗೆ, ಅವರು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ ಕವಿತಾ ಲಂಕೇಶ್ ಹೊಸ ಕಂತುಗಳನ್ನು ಸೇರಿಸಿದರು.

ಮೊದಲು, ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಬರುವಾಗ ಮುಂದಕ್ಕೆ ಓಡಿಸದೆ, ನಿರ್ದೇಶಕರ ಹೆಸರನ್ನು ಓದಿಕೊಳ್ಳಿ. ಶಂಕರ್‌ನಾಗ್ ಹೆಸರಿದ್ದರೆ ಸರಿಯಾದ ಕಡೆ ಇದ್ದೀರಿ. ಬಳಿಕ ಸ್ವಾಮಿ ಎಂಬ ಹುಡುಗನ ಕತೆಯನ್ನು ಹುಡುಕಿ. ಅದು ಒಂದೇ ಕಂತಿನಲ್ಲಿ ಮುಗಿಯುವುದಿಲ್ಲ. ಅಲ್ಲದೆ ವಿಡಿಯೊ ಏರಿಸಿದವರು ಕೊಟ್ಟ ಕ್ರಮಸಂಖ್ಯೆ ಕೆಲವೊಮ್ಮೆ ಹಿಂದುಮುಂದಾಗಿರುತ್ತದೆಯಾದ್ದರಿಂದ, ಒಂದು ಕಂತಿನ ಕೊನೆಯ ದೃಶ್ಯವನ್ನು ಮುಂದಿನದರ ಆರಂಭದೊಂದಿಗೆ ಹೋಲಿಸಿ ಜೋಡಿಸಿಕೊಳ್ಳುವುದು ಕ್ಷೇಮ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ ಕಾರ್ನಾಡರು ತಂದೆಯಾಗಿ, ವೈಶಾಲಿ ಕಾಸರವಳ್ಳಿ ತಾಯಿಯಾಗಿ ಕಾಣಿಸಿಕೊಂಡರೆ ಮತ್ತೆ ಸಂದೇಹ ಬೇಡ. ಅಪ್ಪನೆದುರು ಸ್ವಾಮಿಯ ಮುಖ ಸಪ್ಪಗಾಗುವುದನ್ನು ಕಂಡೊಡನೆ ನಿಮ್ಮ ತಾಯಿಯವರೇ ಗುರುತು ಹಿಡಿಯುತ್ತಾರೆ.

ಮಾತು ಇಂಗ್ಲಿಷಿನಲ್ಲಿ ಕೇಳಿಸಿದರೆ ನಕಲಿಯೆಂದು ಬಿಟ್ಟುಬಿಡಬೇಡಿ. ಆರಂಭದ ಕಂತುಗಳನ್ನು ಹಿಂದಿ, ಇಂಗ್ಲಿಷ್ ಎರಡರಲ್ಲಿಯೂ ತಯಾರಿಸಿದ್ದರು. ನಿಮ್ಮ ತಾಯಿಯವರು ನೋಡಿದ್ದು ಹಿಂದಿಯಲ್ಲಾದರೆ, ಕಂತಿನ ಹೆಸರಿನೊಂದಿಗೆ ‘ಹಿಂದಿ’ ಎಂದು ಸೇರಿಸಿ ಹುಡುಕಿ.